ಶಿವಬಸಪ್ಪನವರು ತೆಗೆದ ಅಳತೆ

ದೆವ್ವ, ಶಕುನ, ಕಣಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಹುಣಸೇಮರದ ದೆವ್ವದ ಕಥೆ ಹೇಳುವವರು ಸಿಕ್ಕಿದರೆ, ಆ ಮರದಡಿ ನಾನೇ ಎಷ್ಟೋ ಸಲ ಮಲಗಿದ್ದೀನಿ, ಇರುವೆ ಬಿಟ್ಟು ಇನ್ನೇನೂ ಕಚ್ಚಿಲ್ಲ ಎಂದು ನಗುತ್ತಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡುವೆ ಮೊಮ್ಮಗಳ ಮಾತು ಹೆಚ್ಚಾದರೂ ಸಹಿಸಿಕೊಳ್ಳಿ. ಒಲೆಯ ಮೇಲಿನ ಹಾಲಿನ ಹಾಗೆ, ಎದುರಿಗೇ ನಿಂತು ಕಾಯುತ್ತಿದ್ದರೂ ಅದು ಉಕ್ಕಿಬಿಡುತ್ತದೆ.

ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದೆ. ಸೊಂಟ ಹಿಡಿದುಕೊಂಡ ಮೇಲೆ ಅದು ಆಗಲಿಲ್ಲ. ಪರಿಚಯದವರೊಬ್ಬರು ಸಿದ್ಧಾರ್ಥನಗರದ ಒಂದು ಮನೆಗೆ ಸೇರಿಸಿದರು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಆ ಮನೆಯ ಹಿರಿಯರು ಶಿವಬಸಪ್ಪನವರು. ಒಂದು ಕಾಲಕ್ಕೆ ಹೆಸರುವಾಸಿ ಟೈಲರ್, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದರಲ್ಲಿ ಎತ್ತಿದ ಕೈ. ಈಗ ಅವರಿಗೆ ಮರೆವಿನ ಕಾಯಿಲೆ. ಡಾಕ್ಟರು ಅದಕ್ಕೆ ಡಿಮೆನ್ಷಿಯಾ ಎನ್ನುತ್ತಿದ್ದರು. ಅವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಗೇಟು ದಾಟಿ ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೂಟೆಗಿಂತ ಮನುಷ್ಯ ಹಗುರ, ಆದರೆ ಮೂಟೆ ಪ್ರಶ್ನೆ ಕೇಳುವುದಿಲ್ಲ.

ಮೊದಲ ದಿನವೇ ಅವರ ಸೊಸೆ ಮಂಗಳಮ್ಮ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, “ನೋಡಿಯಪ್ಪ, ಮಾವನವ್ರು ಏನಂದ್ರೂ ಇಲ್ಲ ಅನ್ಬೇಡಿ. ಹೂಂ ಅಂದ್ಬುಡಿ. ಇಲ್ಲ ಅಂದ್ರೆ ಅವತ್ತೆಲ್ಲ ಅನ್ನ ಮುಟ್ಟಲ್ಲ” ಎಂದರು.

ಹಾಗೆ ನಾನು ಹೂಂ ಅನ್ನುವ ಕೆಲಸಕ್ಕೆ ಸೇರಿದೆ. ಅವರ ಪಾಲಿಗೆ ನಾನು ಅಂಗಡಿಯಲ್ಲಿ ಹಿಂದೆಂದೋ ಗುಂಡಿ ತೂತಿಗೆ ಕಾಜಾ ಹಾಕುತ್ತಿದ್ದ ಮನುಷ್ಯ. ಹಾಗಾಗಿ ನನ್ನ ಹೆಸರೇ ಕಾಜಾ. “ಏನಯ್ಯ ಕಾಜಾ, ಹಬ್ಬ ಹತ್ರ ಬಂತು, ಅಂಗಡಿ ಬಾಗ್ಲು ತೆಗ್ದಿಲ್ವಾ?” ಹೂಂ, ತೆಗೆದಿದ್ದೀನಿ. “ನಮ್ಮನೆಯವ್ಳು ತವರಿಗೆ ಹೋದ್ಲಾ?” ಆಯಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದಕ್ಕೂ ಹೂಂ. ಮೊದಮೊದಲು ಸುಳ್ಳು ಹೇಳಿದಂತಾಗಿ ಬಾಯಿ ಕಹಿಯಾಗುತ್ತಿತ್ತು. ಬರಬರುತ್ತಾ, ಕಣ್ಣು ಕಾಣದವರ ಕೈ ಹಿಡಿದು ಹೊಸ್ತಿಲು ದಾಟಿಸುವುದೂ ಇದೂ ಒಂದೇ ಅನ್ನಿಸಿತು.

ಅಳತೆ ಟೇಪು ಮಾತ್ರ ಅವರ ಕೊರಳಿಂದ ಇಳಿಯುತ್ತಿರಲಿಲ್ಲ. ಸ್ನಾನಕ್ಕೂ ಅದನ್ನು ನನ್ನ ಕೊರಳಿಗೆ ಹಾಕಿಯೇ ಬರುತ್ತಿದ್ದರು. ಮನೆಗೆ ಬಂದವರಿಗೆಲ್ಲ ಅಳತೆ ತೆಗೆಯುವುದು, ನಾನು ಅದನ್ನು ಔಷಧಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು. ಹೇಳುವ ಅಂಕಿಗೂ ಆಳಿಗೂ ಸಂಬಂಧವೇ ಇರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವ ದಾಂಡಿಗನಿಗೆ ಎದೆ ಹದಿನೆಂಟು ಎಂದಿದ್ದರು. ಡಾಕ್ಟರಿಗೆ ಸೊಂಟ ಎಪ್ಪತ್ತು ಎಂದಾಗ ಅವರೇ ನಕ್ಕು, “ನಮ್ಮನೆಯವ್ರ ಮುಂದೆ ಹೇಳ್ಬೇಡಿ ಯಜಮಾನ್ರೇ, ರಾತ್ರಿ ಊಟ ನಿಲ್ಲಿಸ್ಬುಡ್ತಾರೆ” ಎಂದರು. ಆದರೆ ಒಂದು ಮಾತು ಗಮನಿಸಿ. ಅಂಕಿ ತಪ್ಪಿದರೂ ಟೇಪಿನ ಮುಂದೆ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಬರೀ ಗಾಳಿಗೆ ಅವರು ಟೇಪು ಹಿಡಿದದ್ದನ್ನು ಆವರೆಗೆ ನಾನು ನೋಡಿರಲಿಲ್ಲ.

ಈಗ ನನ್ನ ಮನೆಯ ಸಂಗತಿ. ಮಗಳು ಸವಿತ ವಿಜಯನಗರದಲ್ಲಿ ಗಂಡನ ಜೊತೆ ಇದ್ದಳು. ಎರಡು ಸಲ ಬಸಿರು ನಿಂತಿರಲಿಲ್ಲ. ಮೊದಲ ಸಲ ಅಳಿಯ ಖುಷಿ ತಡೆಯಲಾರದೆ ಒಂದು ಹಳದಿ ಫ್ರಾಕು ಕೊಂಡು ತಂದಿದ್ದ. ನಮ್ಮಲ್ಲಿ ಮಗು ಹುಟ್ಟುವ ಮೊದಲು ಹೊಸ ಬಟ್ಟೆ ತರುವುದಿಲ್ಲ, ಹೊಲಿಸುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಸೀರೆ ಪಂಚೆಯನ್ನೇ. ಏಳನೇ ತಿಂಗಳಲ್ಲಿ ಮಗು ಹೋಯಿತು. ಫ್ರಾಕು ನಮ್ಮ ಟ್ರಂಕಿನ ತಳ ಸೇರಿತು. ಬಟ್ಟೆಯಿಂದ ಹಾಗಾಯಿತು ಎಂದು ನಾನು ನಂಬಲಿಲ್ಲ. ಆದರೆ ಮೂರನೇ ಸಲ ಅವಳಿಗೆ ಐದು ತಿಂಗಳು ತುಂಬಿದಾಗ, ನನ್ನ ಹೆಂಡತಿ ತೊಟ್ಟಿಲು ಅನ್ನುವ ಪದವನ್ನೂ ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಕೆಲಸದ ಮನೆಯಲ್ಲೂ ನಾನು ಬಾಯಿ ಬಿಟ್ಟಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ. ಮಂಗಳಮ್ಮ ಒಳಗೆ ಮಲಗಿದ್ದರು. ಶಿವಬಸಪ್ಪನವರು ಹಜಾರದಲ್ಲಿ ಕೂತು ಟೇಪು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ನಾನು ಮಾತ್ರೆ ತಂದು ಎದುರಿಗೆ ನಿಂತೆ. ಅವರು ನನ್ನನ್ನು ಬಿಟ್ಟು ನನ್ನ ಪಕ್ಕ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಏನನ್ನೋ ನೋಡಿ ನಕ್ಕರು.

“ನಿನ್ ಮೊಮ್ಮಗಳೇನಯ್ಯ ಕಾಜಾ? ನಿನ್ ಹಿಂದೆ ಯಾಕ್ ಬಚ್ಚಿಟ್ಕೊಂಡವ್ಳೆ? ಮುಂದಕ್ ಬಾ ಮಗ.”

ತಿರುಗಿ ನೋಡಿದೆ, ಯಾರೂ ಇರಲಿಲ್ಲ. ರೂಢಿಯಂತೆ ಬಾಯಿಗೆ ಹೂಂ ಬಂದುಬಿಟ್ಟಿತು.

ಅವರು ಮಂಡಿ ಊರಿ ಕೂತರು. ದಿನಾ ಎಬ್ಬಿಸಿ ಕೂರಿಸಬೇಕಾದವರು, ಯಾರ ಆಸರೆಯೂ ಇಲ್ಲದೆ ಕೂತರು. ಟೇಪನ್ನು ಗಾಳಿಯಲ್ಲಿ ಭುಜದಿಂದ ಭುಜಕ್ಕೆ ಹಿಡಿದರು, ಎದೆಗೆ ಸುತ್ತಿದರು, ಕೆಳಗೆ ಇಳಿಸಿದರು. ಆಮೇಲೆ ಬಗ್ಗಿ, ನೆಲದ ಮೇಲಿದ್ದ ಏನನ್ನೋ ಎರಡು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಕಾಲ್ ಮೇಲ್ ಕಾಲ್ ಇಟ್ಕೊಂಡು ನಿಲ್ಬೇಡ ಮಗ, ಲಂಗ ಓರೆ ಬತ್ತದೆ. ಬರ್ಕೊಳಯ್ಯ ಕಾಜಾ. ಉದ್ದ ಇಪ್ಪತ್ಮೂರು, ಎದೆ ಇಪ್ಪತ್ನಾಲ್ಕು, ಭುಜ ಹತ್ತೂವರೆ. ಎಡಭುಜ ಕಾಲಿಂಚು ಇಳಿಜಾರು.”

ಬರೆದುಕೊಂಡೆ. ಆಗ ಅವರು, “ಹೊಲೀಲಾ?” ಎಂದರು.

ಅದುವರೆಗೆ ನಾನು ಅವರಿಗೆ ಇಲ್ಲ ಅಂದವನಲ್ಲ. ಆದರೆ ಕಣ್ಣ ಮುಂದೆ ಆ ಹಳದಿ ಫ್ರಾಕು ಬಂತು, ಆಸ್ಪತ್ರೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ ಸವಿತ ಬಂದಳು. ಶಕುನ ನಂಬದ ನಾನು, “ಬೇಡಿ ಸ್ವಾಮಿ, ಈಗ ಬೇಡಿ” ಎಂದೆ. ಇನ್ನು ಇವರು ರೇಗುತ್ತಾರೆ, ರಾತ್ರಿ ಅನ್ನ ಮುಟ್ಟುವುದಿಲ್ಲ ಎಂದುಕೊಂಡೆ. ಅವರು ರೇಗಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು, “ಸರಿ ಬುಡು. ಅವ್ಸರ ಏನೂ ಇಲ್ಲ. ಅಳ್ತೆ ಇದ್ರೆ ಯಾವಾಗ್ ಬೇಕಾದ್ರೂ ಹೊಲೀಬೋದು” ಎಂದರು. ಮಾತ್ರೆ ನುಂಗಿ ನಿದ್ದೆ ಹೋದರು.

ಆ ಹಾಳೆಯನ್ನು ಪುಸ್ತಕದಿಂದ ಕಿತ್ತೆ. ಚೂರು ಮಾಡಿ ಬಿಸಾಡೋಣವೆಂದರೆ ಕೈ ಬರಲಿಲ್ಲ. ಮಡಿಸಿ ಎಲೆಅಡಿಕೆ ಚೀಲದ ಒಳಜೇಬಿಗೆ ಹಾಕಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಹೆಣ್ಣು ಮಗು ಹುಟ್ಟಿತು. ನನ್ನ ಹಳೇ ಪಂಚೆಯಲ್ಲೇ ಸುತ್ತಿ ನನ್ನ ಕೈಗೆ ಕೊಟ್ಟರು. ಅಷ್ಟು ಮೂಟೆ ಹೊತ್ತಿದ್ದವನು ಆ ಒಂದು ಹಿಡಿ ಜೀವವನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ ನೋಡಿ. ಮಾರನೇ ದಿನ ಶಿವಬಸಪ್ಪನವರ ಬಾಯಿಗೆ ಸಕ್ಕರೆ ಹಾಕಿ, “ಮೊಮ್ಮಗಳು ಹುಟ್ಟಿದ್ಲು ಸ್ವಾಮಿ” ಎಂದೆ. ಸಕ್ಕರೆ ಚಪ್ಪರಿಸಿ, “ಯಾರ್ಗೆ?” ಎಂದರು. ಮತ್ತೆಂದೂ ಆ ಮಾತು ಅವರ ಬಾಯಲ್ಲಿ ಬರಲಿಲ್ಲ. ಎರಡು ವರ್ಷ ಕಳೆದು ಅವರು ತೀರಿಕೊಂಡರು.

ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಯೂನಿಫಾರಂ ಹೊಲಿಸಲು ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ, ನಮ್ಮ ಮಗು ಸ್ಕೂಲಿಗೆ ಸೇರಿತು ಎಂದು ಹೇಳಿಕೊಂಡೇ ಹೋದೆ. “ಸಾಕು ತಾತ, ಆ ಮಾಮಂಗೆ ಆಗ್ಲೇ ಹೇಳಾಯ್ತು” ಎಂದು ಅವಳೇ ಕೈ ಜಗ್ಗಿದಳು. ಟೈಲರು ಟೇಪು ಹಿಡಿದು ಬಂದದ್ದೇ ತಡ, ಇವಳು ನನ್ನ ಹಿಂದೆ ಬಚ್ಚಿಟ್ಟುಕೊಂಡಳು. ಪುಸಲಾಯಿಸಿ ಮುಂದೆ ನಿಲ್ಲಿಸಿದೆ. ಬಲಗಾಲನ್ನು ಎಡಗಾಲಿನ ಮೇಲೆ ಇಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತಳು.

ಟೈಲರು ಅಂಕಿ ಹೇಳುತ್ತಾ ಹೋದ. ಉದ್ದ ಇಪ್ಪತ್ಮೂರು. ಎದೆ ಇಪ್ಪತ್ಮೂರು. ಭುಜ ಹತ್ತೂವರೆ. ಕೊನೆಗೆ ಸ್ವಲ್ಪ ಹಿಂದೆ ಸರಿದು ನೋಡಿ, “ಯಜಮಾನ್ರೇ, ಪಾಪುಗೆ ಎಡಭುಜ ಒಂಚೂರು ಇಳಿಜಾರು ಕಣ್ರೀ. ಗಾಬ್ರಿ ಬೇಡಿ, ಹೊಲಿಗೇಲಿ ಸರಿ ಮಾಡ್ಬುಡ್ತೀನಿ” ಎಂದ. ನನ್ನ ಕೈ ತಾನಾಗಿ ಎಲೆಅಡಿಕೆ ಚೀಲದ ಒಳಜೇಬಿಗೆ ಹೋಯಿತು.

ಮನೆಗೆ ಬಂದು ಹಾಳೆ ಬಿಚ್ಚಿದೆ. ಸುಣ್ಣ ಹತ್ತಿ ಮಡಿಕೆ ಹರಿದಿದ್ದರೂ ಅಕ್ಷರ ನನ್ನದೇ. ಎದೆಯ ಅಳತೆ ಒಂದಿಂಚು ಬೇರೆ ಇತ್ತು, ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಎಷ್ಟೋ ವಿಧದಲ್ಲಿ ಯೋಚಿಸಿದೆ. ಜೀವನವೆಲ್ಲ ಆ ವಯಸ್ಸಿನ ಮಕ್ಕಳಿಗೆ ಹೊಲಿದವರ ನಾಲಿಗೆಯಲ್ಲಿ ಆ ಅಂಕಿ ಉಳಿದಿರಬಹುದು. ಕಾಲ ಮೇಲೆ ಕಾಲಿಟ್ಟು ನಿಲ್ಲುವುದರ ಬಗ್ಗೆ ಆಮೇಲೆ ಅದೇ ಟೈಲರನ್ನು ಕೇಳಿದೆ. “ಕೆಲವು ಮಕ್ಳು ನಿಲ್ತವೆ, ಕೆಲವು ನಿಲ್ಲಲ್ಲ” ಎಂದ. ಆದರೆ ಗ್ಯಾಸಿನವನಿಗೆ ತಪ್ಪಿದ ಟೇಪು, ಡಾಕ್ಟರಿಗೆ ತಪ್ಪಿದ ಟೇಪು, ಗಾಳಿಗೆ ಹೇಗೆ ಸರಿಯಾಗಿ ಕೂತಿತು?

ಹಾಳೆ ತೋರಿಸಿದಾಗ ಹೆಂಡತಿ ದೇವರ ಕೃಪೆ ಎಂದಳು. ಹೂಂ ಎಂದೆ. ಅಳಿಯ ಕಾಕತಾಳೀಯ ಎಂದ. ಅದಕ್ಕೂ ಹೂಂ ಎಂದೆ. ಅದೇ ತಾನೆ ನನ್ನ ಕಸುಬು. ಆದರೆ ಆ ಮಧ್ಯಾಹ್ನ ಹಜಾರದ ನೆಲದ ಮೇಲೆ ಶಿವಬಸಪ್ಪನವರು ಎರಡು ಬೆರಳಿನಿಂದ ಸರಿಸಿದ ಆ ಪುಟ್ಟ ಪಾದ ಯಾರದು ಎಂದು ನನ್ನನ್ನೇ ನಾನು ಕೇಳಿಕೊಂಡಾಗ ಮಾತ್ರ, ಆ ಹೂಂ ಕೂಡ ಬಾಯಿಗೆ ಬರುವುದಿಲ್ಲ.