ಬೀಗ ಹಾಕಿದ ಹುಳುಮನೆ

ಅಮ್ಮ ತೀರಿಕೊಂಡು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವಳ ಕೈಯಡುಗೆಯನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಅವಳು ನನ್ನ ತಮ್ಮನನ್ನು ಬೆಳೆಸಿದ ರೀತಿ.

ತಮ್ಮನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಊಟದ ನಡುವೆ ಎದ್ದು ಹೋಗುತ್ತಿದ್ದ. ನೀರಿಗೆ ಹೋದವನು ಬಿಂದಿಗೆಯನ್ನು ಬಾವಿಕಟ್ಟೆಯ ಮೇಲೆ ಮರೆತು ಕರುವಿನ ಹಿಂದೆ ಓಡುತ್ತಿದ್ದ. ನಾನು ಮುಳಬಾಗಿಲಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದೆ; ಅವನಿಗೆ ಅಕ್ಷರ ಹತ್ತಲೇ ಇಲ್ಲ. ಮೇಷ್ಟ್ರು ಹೊಡೆದರು, ನಾವು ಹರಕೆ ಹೊತ್ತೆವು. ಆಮೇಲೆ ಅಮ್ಮ ಎರಡನ್ನೂ ನಿಲ್ಲಿಸಿದಳು.

ಅಪ್ಪ ಇರಲಿಲ್ಲ. ನಮಗಿದ್ದದ್ದು ಹಿಪ್ಪುನೇರಳೆ ತೋಟ. ಎರಡನೇ ಮಹಾಯುದ್ಧದ ಕಾಲ, ಪ್ಯಾರಾಚೂಟಿಗೆಂದು ರೇಷ್ಮೆಗೆ ಒಳ್ಳೆ ಗಿರಾಕಿ. ತಮ್ಮನಿಗೆ ಹದಿನಾರು ತುಂಬಿದಾಗ ಚಿಕ್ಕಪ್ಪ ಬಂದು, "ಅತ್ತಿಗೆ, ಇವ್ನ ಕೈಲಿ ಆಗಲ್ಲ. ತೋಟ ನಾನು ನೋಡ್ಕೋತೀನಿ, ಇವ್ನು ನಮ್ಮನೇಲಿ ದನ ಕಾಯ್ಕೊಂಡಿರ್ಲಿ" ಅಂದ.

"ಒಂದು ಬೆಳೆ ಹುಳು ಅವನೊಬ್ಬನೇ ಸಾಕ್ಲಿ. ಆಗ್ದಿದ್ರೆ ನಿನ್ನ ಮಾತೇ ಆಗ್ಲಿ" ಅಂದಳು ಅಮ್ಮ.

ಹುಳು ಸಾಕುವ ಕೆಲಸ ಬಹುಪಾಲು ಅವನಿಗೆ ಹೇಳಿ ಮಾಡಿಸಿದಂತಿತ್ತು. ಸೊಪ್ಪು ಕೊಯ್ಯಬೇಕು, ಹಾಕಬೇಕು, ಕಸ ತೆಗೆಯಬೇಕು. ಕೂರುವ ಪ್ರಶ್ನೆಯೇ ಇಲ್ಲ. ಅಮ್ಮ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಿದ್ದಳು. ಮರೆತು ಬಂದರೆ ಬೈಯದೆ, "ಮತ್ತೆ ಹೋಗಿ ನೋಡ್ಕೊಂಡು ಬಾ ಕಣೋ" ಅನ್ನುತ್ತಿದ್ದಳು. ಕಷ್ಟವಿದ್ದದ್ದು ಜ್ವರದಲ್ಲಿ. ಪೊರೆ ಬಿಡುವ ಮೊದಲು ಹುಳು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಹುಳುವಿರುವ ಬಿದಿರಿನ ತಟ್ಟೆ ಮುಟ್ಟಬಾರದು. ಹಿಂದಿನ ಬೆಳೆಯಲ್ಲಿ ತಮ್ಮ ತಡೆಯಲಾರದೆ ತಟ್ಟೆಗಳನ್ನು ಎಳೆದೆಳೆದು ನೋಡಿ ಅರ್ಧ ಹುಳು ಹಾಳಾಗಿದ್ದವು.

ಈ ಸಲ ಹುಳು ಕೊನೆಯ ಜ್ವರಕ್ಕೆ ಕೂರುವ ಹೊತ್ತಿಗೆ ಅಮ್ಮ ನನ್ನನ್ನು ಕರೆದುಕೊಂಡು ದೇವರಾಯಸಮುದ್ರಕ್ಕೆ, ದೊಡ್ಡಮ್ಮನ ಮನೆಗೆ ಹೊರಟೇಬಿಟ್ಟಳು. ಬೇಕೆಂದೇ ಹೊರಟಳು. ಜೊತೆಗಿದ್ದರೆ ತಾನೇ ಕೈಹಾಕಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅಂಥ ಧೈರ್ಯ ನನ್ನ ಮಕ್ಕಳ ವಿಷಯದಲ್ಲಿ ನನಗೆ ಯಾವತ್ತೂ ಬರಲಿಲ್ಲ.

ಮರುದಿನ ವಾಪಸು ಬಂದಾಗ ಹುಳುಮನೆಗೆ ಬೀಗ. ಚಿಕ್ಕಪ್ಪ ಮುಂದೆ ನಿಂತಿದ್ದ.

"ನೋಡತ್ತಿಗೆ, ಬೀಗ ಜಡಿದು ಎಲ್ಲೋ ಓಡೋಗವ್ನೆ."

ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಸೆರಗಿನ ಗಂಟು ತೋರಿಸಿದಳು. ಬೀಗದ ಕೈ ಅದರಲ್ಲಿತ್ತು.

"ಕೊಡವ್ವಾ ಇಲ್ಲಿ" ಅಂದ ಚಿಕ್ಕಪ್ಪ.

"ಇವ್ವನು, ಪೋರಾ!" ಕೊಡಲ್ಲ ಹೋಗೋ ಎಂದು ಅಜ್ಜಿ ತನ್ನ ತೆಲುಗಿನಲ್ಲೇ ಗದರಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ನಿನ್ನ ಮಗನೇ ಕೊಟ್ಟೋಗಿದ್ದು ಕಣಮ್ಮಾ. 'ನನ್ನ ಕೈ ಸುಮ್ನಿರಲ್ಲ ಅವ್ವಾ, ಹುಳಕ್ಕೆ ಜ್ವರ ಬಿಡ್ಬೇಕು, ಬಿಸಿಲು ನಿನ್ನ ಜಗಲಿ ಹತ್ತೋವರ್ಗೂ ಯಾರ್ ಕೇಳಿದ್ರೂ ಕೊಡ್ಬೇಡ, ನಾನ್ ಕೇಳಿದ್ರೂ ಕೊಡ್ಬೇಡ' ಅಂದ. ಬೆಳಗಿಂದ ಎಷ್ಟು ಸಲ ಬಂದು ಬೇಡಿಕೊಂಡ್ನೋ! ಓಡಿಸಿದೀನಿ."

"ಈಗೆಲ್ಲವ್ನೆ?" ಅಮ್ಮ ಕೇಳಿದಳು.

"ಕಳೆ ಕೀಳ್ತಾವ್ನೆ. ನಿಮ್ಮ ತೋಟದ್ದು ಮುಗ್ದು ಈಗ ನಮ್ಮ ತೋಟಕ್ಕೆ ನುಗ್ಗವ್ನೆ."

"ಮನೆ ಬೀಗದ ಕೈನ ಊರೋರಿಗೆ ಕೊಡೋನು ಮನೆ ನಡೆಸ್ತಾನಾ?" ಅಂದ ಚಿಕ್ಕಪ್ಪ.

ಅಮ್ಮ ಹೋಗಿ ಅಜ್ಜಿಯ ಪಕ್ಕ ಕೂತಳು. ಬೀಗದ ಕೈ ಕೇಳಲೇ ಇಲ್ಲ.

ಬಿಸಿಲು ಜಗಲಿ ಹತ್ತಿತು. ತಮ್ಮ ಸೊಪ್ಪಿನ ಮೂಟೆ ಹೊತ್ತು ಓಡಿ ಬಂದು ಬೀಗ ತೆಗೆದ. ಹುಳುಗಳು ಪೊರೆ ಬಿಟ್ಟು, ಮೇವಿಗಾಗಿ ತಲೆ ಆಡಿಸುತ್ತಿದ್ದವು. ಒಂದು ತಟ್ಟೆಯೂ ಅಲುಗಿರಲಿಲ್ಲ. ಚಿಕ್ಕಪ್ಪ ಬಗ್ಗಿ ಬಗ್ಗಿ ಎಲ್ಲ ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ.

"ಗೂಡು ಮಾರೋಕೆ ಹೋಗೋವಾಗ ಹೇಳು ಕಣ್ಲಾ, ಗಾಡಿ ಕಟ್ಕೊಂಡು ಬರ್ತೀನಿ" ಅಂದ.

ಅಮ್ಮನಿಗಲ್ಲ, ತಮ್ಮನಿಗೆ.