ಮೀನಿನ ಹೊಟ್ಟೆಯೊಳಗೆ ನೋಡುತ್ತಿದ್ದ ಆರ್ಡಿತ್

ನಮ್ಮ ರಸ್ತೆಯಾಚೆಯ ಮನೆಯ ಆರ್ಡಿತ್ ಮೀನು ಸೀಳಿದರೆ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ಒಳಗಿನ ಪುಟ್ಟ ಹೊಟ್ಟೆಚೀಲವನ್ನೂ ಕೊಯ್ದು, ಅದು ಏನು ತಿಂದಿದೆ ಎಂದು ನೋಡುತ್ತಿದ್ದಳು.

ಮಿಸೌರಿಯ ನಮ್ಮ ಕಡೆ ಹೆಚ್ಚುಕಡಿಮೆ ಹೊಲಕ್ಕೊಂದು ಹೊಂಡ. ದನಗಳಿಗೆಂದು ತೋಡಿದ್ದು, ಆಮೇಲೆ ಬಾಣಲೆಗೆಂದು ಬ್ಲೂಗಿಲ್ ಮೀನು, ಅವುಗಳನ್ನು ತಿನ್ನಲೆಂದು ದೊಡ್ಡ ಬಾಯಿಯ ಬಾಸ್ ಮೀನು ಬಿಟ್ಟದ್ದು. ಶನಿವಾರ ಅವಳ ಗಂಡ ವೆಂಡೆಲ್, ಮೈದುನ ರಾಯ್ಸ್ ಇಬ್ಬರೂ ಹೊಂಡದ ಏರಿಯ ಮೇಲೆ ಕುರ್ಚಿ ಹಾಕಿ ಗಾಳ ಬಿಟ್ಟು ಕೂರುತ್ತಿದ್ದರು. ಸಂಜೆ ಬಕೆಟ್ಟು ಹಿತ್ತಲಿನಲ್ಲಿ ಮೀನು ಕೊಯ್ಯುವ ಹಲಗೆಯ ಹತ್ತಿರ ಬರುತ್ತಿತ್ತು. ಅಲ್ಲಿಂದ ಮುಂದಿನ ಯಾವುದನ್ನೂ ಆ ಮನೆಯಲ್ಲಿ ಮೀನು ಹಿಡಿಯುವುದು ಎಂದು ಕರೆಯುತ್ತಿರಲಿಲ್ಲ. ಚಮಚದಿಂದ ಹುರುಪೆ ಕೆರೆಯುವುದು, ತಲೆ ತೆಗೆಯುವುದು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುವುದು, ಕೂದಲಿಗೆ ಅಂಟಿದ ಹುರುಪೆಯನ್ನು ಮರುದಿನ ಚರ್ಚಿಗೆ ಮೊದಲು ಬಿಡಿಸಿಕೊಳ್ಳುವುದು. ಆರ್ಡಿತ್ ಹೀಗೆ ಮೂವತ್ತೆಂಟು ವರ್ಷ ಮಾಡಿದ್ದಳು.

ಮದುವೆಯಾದ ಹೊಸದರಲ್ಲಿ ಒಂದು ಬಾಸ್ ಮೀನಿನ ಹೊಟ್ಟೆ ತುಂಬ ಉಬ್ಬಿತ್ತಂತೆ. ಕೊಯ್ದರೆ ಇಡೀ ಇಲಿ! ಅಂದಿನಿಂದ ಹಿಡಿದ ಹುಚ್ಚು.

"ಇಲ್ಲಿ ಬಾರೇ, ಮಿಡತೆ ನೋಡು. ಕಾಲು ಇನ್ನೂ ಹಂಗೇ ಇದೆ," ಎಂದು ನನ್ನನ್ನು ಕರೆಯುವಳು.

"ಥೂ! ಊಟದ ಹೊತ್ತಲ್ಲಿ!"

"ಅದಕ್ಕೂ ಊಟದ ಹೊತ್ತೇ ಆಗಿತ್ತಲ್ಲ, ಪಾಪ."

ಯಾರೂ ಅವಳನ್ನು ಏನೂ ಕೇಳದ ಸಮಯವೆಂದರೆ ಅದೊಂದೇ. ರಕ್ತ ಮೆತ್ತಿದ ಕೈಯವಳ ಹತ್ತಿರ ಕಾಲುಚೀಲ ಎಲ್ಲಿದೆ ಎಂದು ಯಾರು ಕೇಳುತ್ತಾರೆ?

ಮೂವತ್ತೆಂಟನೆಯ ವರ್ಷದ ಬೇಸಿಗೆಯಲ್ಲಿ ಸಿಕ್ಕ ಬ್ಲೂಗಿಲ್ ಮೀನೆಲ್ಲ ಮೂರು ಬೆರಳಗಲಕ್ಕೆ ಇಳಿದಿತ್ತು. ಹೊಂಡ ಕೆಟ್ಟಿದೆ ಎಂದು ಅಣ್ಣ ತಮ್ಮ ತೀರ್ಮಾನಿಸಿದರು. ಸೋಮವಾರ ಬುಲ್ಡೋಜರ್ ತರಿಸಿ, ಏರಿ ಒಡೆದು, ಇದ್ದದ್ದೆಲ್ಲ ಸಾಯಿಸಿ ಹೊಸ ಮೀನು ಬಿಡುವುದು. ಶನಿವಾರ ರಾತ್ರಿಯ ಊಟಕ್ಕೆ ನಾನೂ ಇದ್ದೆ. ಆರ್ಡಿತ್ ಬಾಣಲೆಯನ್ನು ಮೇಜಿನ ಮೇಲಿಟ್ಟು ಹೇಳಿದಳು:

"ಇವು ಮರಿಗಳಲ್ಲ. ಈ ಮೂರು ಬೆರಳಗಲದ್ದಕ್ಕೆ ಆರು ವರ್ಷ. ಮುದುಕ."

ರಾಯ್ಸ್ ನಕ್ಕ. "ಹುಟ್ಟಿದ ದಿನ ಯಾವುದು ಅಂತ ಮೀನು ನಿಮ್ಮ ಕಿವೀಲಿ ಹೇಳಿತೇನು ಅತ್ತಿಗೆ?"

ಅವಳು ಒಂದು ಹುರುಪೆಯನ್ನೂ ಭೂತಗನ್ನಡಿಯನ್ನೂ ಅವನ ಮುಂದೆ ಸರಿಸಿದಳು. "ಮರ ಕಡಿದಾಗ ಉಂಗುರ ಎಣಿಸ್ತೀಯಲ್ಲ, ಹಂಗೇ ಇದರದ್ದೂ ಎಣಿಸು."

ರಾಯ್ಸ್ ಎಣಿಸಿದ. ಸರಿಯಾಗಿ ಆರು.

"ಹೊಟ್ಟೇಲಿ ಬರೀ ಪಾಚಿ. ಇಲ್ಲಾ ಅವುಗಳದ್ದೇ ಮೊಟ್ಟೆ. ತಿನ್ನೋ ಬಾಯಿ ಜಾಸ್ತಿಯಾಗಿ ಯಾವುದೂ ಬೆಳೀತಿಲ್ಲ. ಇವನ್ನ ತಿನ್ನೋ ಬಾಸ್‌ನೆಲ್ಲ ನಾವು ತಿಂದ್ವಿ. ಚಿಕ್ಕದು ಸಿಕ್ಕಾಗೆಲ್ಲ ನೀವು ಪಾಪ ಅಂತ ನೀರಿಗೆ ಬಿಟ್ರಿ."

"ನಮ್ಮಪ್ಪನೂ ಹಂಗೇ ಮಾಡ್ತಿದ್ದ," ವೆಂಡೆಲ್‌ಗೆ ಸಿಟ್ಟು ಬಂದಿತ್ತು.

"ನಿಮ್ಮಪ್ಪ ಹಿಡಿದ ಮೀನನ್ನೂ ನಾನೇ ಕೆರೆದಿದ್ದು."

"ಸರಿ, ಏನ್ ಮಾಡು ಅಂತೀಯ ಈಗ?"

"ಎರಡು ಬೇಸಿಗೆ ಬಾಸ್ ಸಿಕ್ಕರೆ ವಾಪಸ್ ಬಿಡಿ. ಚಿಕ್ಕವು ಎಷ್ಟು ಸಿಕ್ಕರೂ ತನ್ನಿ."

"ರಾಶಿ ಬೀಳುತ್ತೆ. ಅಷ್ಟನ್ನೂ ಕೆರೆಯೋರು ಯಾರು?"

"ಹಿಡಿದೋರು."

ವೆಂಡೆಲ್ ಚಮಚ ಕೆಳಗಿಟ್ಟ. "ನೀನು ಕೆರೀತೀನಿ ಅನ್ನು, ಈಗಲೇ ಫೋನ್ ಮಾಡಿ ಬುಲ್ಡೋಜರ್ ಬೇಡ ಅಂತೀನಿ."

ಹೂಂ ಅಂದುಬಿಡೇ ಮಾರಾಯ್ತಿ ಎಂದು ನನಗೇ ಅನಿಸಿತು. ಆ ಹೊಂಡ ಹೋದರೆ ಅವಳಿಗೆ ನೋಡಲು ಇನ್ನೇನಿತ್ತು? ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಬೆರಳ ತುದಿಗಳು ದಪ್ಪಗಾಗಿದ್ದವು.

"ಇಲ್ಲ," ಎಂದಳು.

ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅವಳ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ವೆಂಡೆಲ್ ಒಬ್ಬನೇ ಹೊಂಡದಿಂದ ಬಂದ. ಬಕೆಟ್ಟಿನ ತುಂಬ ಚಿಕ್ಕ ಮೀನು. ಕಿಟಕಿಯಾಚೆ ಹಲಗೆಯ ಮುಂದೆ ನಿಂತು, ತಲೆಯಿಂದ ಬಾಲದ ಕಡೆಗೆ ಕೆರೆಯತೊಡಗಿದ. ಒಂದು ಹುರುಪೆಯೂ ಏಳಲಿಲ್ಲ.

"ಹೇಳಬಾರದಾ ಪಾಪ, ಉಲ್ಟಾ ಕೆರೀಬೇಕು ಅಂತ?" ಎಂದೆ.

"ನನಗೆ ಯಾರು ಹೇಳಿದ್ರು?"

ನಾಲ್ಕನೆಯದಕ್ಕೆ ಅವನೇ ಮೀನನ್ನು ತಿರುಗಿಸಿ ಹಿಡಿದ. ಹುರುಪೆ ಹಾರಿ ಕನ್ನಡಕಕ್ಕೆ ಅಂಟಿತು. ಮುಳ್ಳು ಚುಚ್ಚಿದ್ದಕ್ಕೆ ಬೈದ. ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ಸೀಳುತ್ತಿದ್ದ ಚಾಕು ನಿಲ್ಲಿಸಿ ಬಗ್ಗಿ ನೋಡಿದ.

"ಆರ್ಡಿತ್! ಇದೇನಿದು ಹಸಿರು?"

"ಪಾಚಿ," ಕಿಟಕಿಯಿಂದಲೇ ಹೇಳಿದಳು.

ಇನ್ನೊಂದನ್ನು ಕೊಯ್ದ. ಮತ್ತೊಂದು. "ಎಲ್ಲದರಲ್ಲೂ ಇದೇ ಇದೆಯಲ್ಲೇ!"

ಅವನು ಒಳಗೆ ಬಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗೋಡೆಯ ಫೋನು ತಿರುಗಿಸಿದ. ಬುಲ್ಡೋಜರಿನವನಿಗೆ ಹೆಚ್ಚೇನೂ ಹೇಳಲಿಲ್ಲ: ನಾಳೆ ಬೇಡ, ಎರಡು ವರ್ಷ ನೋಡೋಣ. ಆ ಕಡೆಯವನು ಕಾರಣ ಕೇಳಿದನೇನೋ. "ಮನೇಲಿ ನೋಡಿದೋರಿದಾರೆ," ಎಂದ. ಮತ್ತೆ ಹಲಗೆಗೆ ಹೋದ. ಬಕೆಟ್ಟು ಇನ್ನೂ ಅರ್ಧ ಉಳಿದಿತ್ತು.

ಆರ್ಡಿತ್ ಬಟಾಣಿಯ ಬೋಗುಣಿಯನ್ನು ನನ್ನ ಮಡಿಲಿಗಿಟ್ಟು ಎದ್ದಳು. ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿ, ಹೊಲ ದಾಟಿ ಏರಿ ಹತ್ತಿದಳು. ನಾನೂ ಹಿಂದೆಯೇ ಹೋದೆ. ದಡದ ಕಡಿಮೆ ನೀರಿನಲ್ಲಿ, ತಟ್ಟೆ ಒತ್ತಿ ತೆಗೆದಂಥ ದುಂಡನೆಯ ಗುಳಿಗಳು, ಒಂದರ ಪಕ್ಕ ಒಂದು. ಪ್ರತಿಯೊಂದರ ಮೇಲೂ ಒಂದು ಮೀನು ಬಾಲ ಆಡಿಸುತ್ತ ಮೊಟ್ಟೆ ಕಾಯುತ್ತಿತ್ತು.

"ಕಾಯೋದು ಗಂಡಾ ಹೆಣ್ಣಾ?" ಎಂದು ಕೇಳಿದೆ.

"ಗೊತ್ತಿಲ್ಲ ಕಣೇ," ಎಂದು ಅವಳು ಚರ್ಚಿನ ಸ್ಕರ್ಟಿನಲ್ಲೇ ಕೆಸರಿಗೆ ಮಂಡಿಯೂರಿದಳು. "ತಡಿ, ನೋಡೋಣ."