ಎಣಿಸಬಾರದ ರೊಟ್ಟಿ

ನಮ್ಮ ಮನೆತನದಲ್ಲಿ ರೊಟ್ಟಿ ಎಣಿಸುವುದಿಲ್ಲ. ಚಿಕ್ಕವನಿದ್ದಾಗ ಬುಟ್ಟಿಯ ಮುಂದೆ ಕೂತು ಬೆರಳು ಮಡಚಿದರೆ ಅಜ್ಜಿ ಕೈಮೇಲೆ ಹೊಡೆಯುತ್ತಿದ್ದಳು. ಎಣಿಸಿದ ರೊಟ್ಟಿಗೆ ಬರಕತ್ತು ಇರುವುದಿಲ್ಲ, ಬುಟ್ಟಿ ಬೇಗ ಬರಿದಾಗುತ್ತದೆ ಎಂಬುದು ಅವಳ ನಂಬಿಕೆ. ಅಜ್ಜಿಯ ಆ ಮಾತನ್ನು ಈಗಲೂ ನಡೆಸಿಕೊಂಡು ಬಂದವಳೆಂದರೆ ಬಿಜ್ಜರಗಿಯ ನಮ್ಮ ವೈನಿ, ಅಣ್ಣನ ಹೆಂಡತಿ. ಹಬ್ಬ ಬಂತೆಂದರೆ ಶಹರದಲ್ಲಿ, ಜಲನಗರದ ನಮ್ಮ ಮನೆಗೆ ಅವಳ ಬುತ್ತಿ ಬರುತ್ತದೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತರೆ ಅವಳಿಗೆ ಸಮಾಧಾನವಿಲ್ಲ. ಮುಚ್ಚಳ ಕೂರದಷ್ಟು ತುಂಬಿ, ಮೇಲೆ ಬಟ್ಟೆ ಬಿಗಿದು, ತಿಕೋಟಾ ಕಡೆಯಿಂದ ಬರುವ ಯಾರದಾದರೂ ಗಾಡಿಯಲ್ಲಿ ಇಟ್ಟು ಕಳಿಸುತ್ತಾಳೆ.

ತಂಟೆ ಶುರುವಾದದ್ದು ನನಗೆ ಸಕ್ಕರೆ ಕಾಯಿಲೆ ಬಂದ ಮೇಲೆ. ಡಾಕ್ಟರು ಸಿಹಿಗೆ ಕಡಿವಾಣ ಹಾಕಿದರು. ಶಾಲೆಯಲ್ಲಿ ಕಲಿಸುವ ನನ್ನ ಹೆಂಡತಿ ಮನೆಯಲ್ಲೂ ಶಿಸ್ತಿನವಳು; ಹಬ್ಬಕ್ಕೆ ಅರ್ಧ ಹೋಳಿಗೆ, ಮಿಕ್ಕಂತೆ ಜೋಳದ ರೊಟ್ಟಿ, ಮೆಂತೆ ಪಲ್ಯ ಎಂದಳು. ಮಗಳಂತೂ ಎಣ್ಣೆ ಪದಾರ್ಥ ಕಂಡರೆ ಮೂಗು ಮುರಿಯುತ್ತಾಳೆ. ಬುತ್ತಿ ಮಾತ್ರ ಬರುತ್ತಲೇ ಇತ್ತು.

"ವೈನಿಗೆ ಫೋನ್ ಹಚ್ಚಿ ಖರೇ ಹೇಳಿಬಿಡ್ರಿ. ಇಷ್ಟ ಯಾರ ತಿನ್ನಾಕ?" ಎಂದಳು ಹೆಂಡತಿ. ಬಬಲೇಶ್ವರದ ತನ್ನ ತವರಿಗೆ ಅವಳು ಸಿಹಿ ಕಳಿಸಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ನಾನು ಫೋನೇ ಹಚ್ಚಲಿಲ್ಲ. ವೈನಿಗೆ ನೋವಾದೀತೆಂದು ಹೇಳಲಿಲ್ಲ ಅಂತ ನನ್ನನ್ನೇ ನಂಬಿಸಿಕೊಂಡೆ. ನಿಜ ಬೇರೆ. ಬಿಜ್ಜರಗಿಯ ಪಡಸಾಲೆಯಲ್ಲಿ ನಾನು ಗಟ್ಟಿ ಉಣ್ಣುವವನೆಂದು ಹೆಸರಾದವನು. ಅಲ್ಲಿ ಬ್ಯಾನಿ ಮನುಷ್ಯ, ರೋಗಿಷ್ಟ ಅನಿಸಿಕೊಳ್ಳುವುದು ನನಗೆ ಬೇಡವಾಗಿತ್ತು.

"ಯಪ್ಪಾ, ಹೋಳಿಗಿ ಹೆಂಗಾಗಿದ್ವು?" ಎಂದು ದೀಪಾವಳಿ ಮುಗಿದ ಮೇಲೆ ವೈನಿ ಫೋನಿನಲ್ಲಿ ಕೇಳಿದಳು.

"ಭಾಳ ಛಲೋ ಆಗಿದ್ವು ವೈನಿ. ಒಂದೂ ಉಳದಿಲ್ಲ ನೋಡ್ರಿ."

ಹಾಗೆಂದಾಗ ಡಬ್ಬಿ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿತ್ತು. ಚೆಲ್ಲಲು ಜೀವ ಒಪ್ಪಲಿಲ್ಲ, ಹೆಂಡತಿಗೂ ಚೆಲ್ಲಗೊಡಲಿಲ್ಲ; ತಿನ್ನಲು ಧೈರ್ಯವಿರಲಿಲ್ಲ. ಫ್ರಿಜ್ಜಿನಲ್ಲಿ ಇರುವತನಕ ಅದು ಹಾಳಾದ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡೆ. ನನ್ನ ಹೊಗಳಿಕೆ ಕೇಳಿದ ವೈನಿ ಮುಂದಿನ ಸಲ ಇನ್ನೂ ದೊಡ್ಡ ಡಬ್ಬಿ ಹುಡುಕಿದಳು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ನಮ್ಮ ಕಡೆ ಅಂದು ಉಣ್ಣುವ ಮುಂಚೆ ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ಭೂಮಿತಾಯಿಗೆಂದು ಬೆಳೆಯ ನಡುವೆ ಎರಚುತ್ತ ನಾಲ್ಕೂ ಮೂಲೆ ತಿರುಗುವುದು. ವೈನಿ ಕಡುಬು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನ ಎಲ್ಲ ಕೂಡಿಸಿ ಬುಟ್ಟಿ ತುಂಬಿದ್ದಳು. ನನಗೆ ಎಲ್ಲಿಲ್ಲದ ಬುದ್ಧಿ ಉಕ್ಕಿತು.

"ಇಷ್ಟ ಯಾಕ ಚೆಲ್ಲತೀರಿ? ಶಾಸ್ತ್ರಕ್ಕ ಒಂದ ಮುಟಗಿ ಸಾಕಲ್ಲ. ಅನ್ನ ಹಾಳ ಮಾಡಬಾರ್ದು" ಎಂದೆ.

"ಹಾಳ ಎಲ್ಲಿ ಆಗತೈತಿ? ಹಕ್ಕಿ ತಿಂತಾವ, ಇರವಿ ತಿಂತಾವ" ಎಂದಳು ವೈನಿ. ನಾನು ಬಿಡಲಿಲ್ಲ. ಕಲಿತವನ ಮಾತು ಎಂದು ಅಣ್ಣ ಅರ್ಧ ಬುಟ್ಟಿಯನ್ನು ಹಿಂದಕ್ಕೆ ಇಟ್ಟ. ಆ ವರ್ಷ ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ಅವನ ಕೈಯಲ್ಲಿ ಚರಗ ಮುಗಿದಿತ್ತು. ಸಂಜೆ ನಮ್ಮ ಕಾರಿನಲ್ಲಿ ಉಳಿದ ಅಡುಗೆಯ ಮತ್ತೊಂದು ಡಬ್ಬಿ ಬಂದು ಕೂತಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರೆ. ನಾನು ಅದನ್ನೂ ತಿನ್ನಲಿಲ್ಲ, ಡಬ್ಬಿಯನ್ನು ಫ್ರಿಜ್ಜಿಗೆ ತುರುಕಿದೆ.

ಕೆಲ ವಾರ ಕಳೆದು ವೈನಿ ಕಣ್ಣು ತೋರಿಸಿಕೊಳ್ಳಲು ಜಲನಗರಕ್ಕೆ ಬಂದಳು. ಅವಳನ್ನು ಮನೆಯಲ್ಲಿ ಬಿಟ್ಟು, ಚಹಾಕ್ಕೆ ಹಾಲು ತರಲು ನಾನು ಹೊರಗೆ ಹೋದೆ. ಊರಿಂದ ತಂದ ಮೊಸರು ಇಡಲು ಅವಳು ಫ್ರಿಜ್ಜು ತೆಗೆದಿದ್ದಾಳೆ. ಒಳಗೆ ಜಾಗವಿಲ್ಲ. ಜಾಗ ಮಾಡಲು ಹಿಂದಿನ ಡಬ್ಬಿಗಳನ್ನು ಎಳೆದಿದ್ದಾಳೆ.

ನಾನು ಬಂದಾಗ ಅವಳು ಬಚ್ಚಲಲ್ಲಿ ಕೂತು ಡಬ್ಬಿ ತಿಕ್ಕುತ್ತಿದ್ದಳು. ಪಕ್ಕದ ಹಾಳೆಯ ಮೇಲೆ ಬೂಷ್ಟು ಹಿಡಿದ ದೀಪಾವಳಿಯ ಹೋಳಿಗೆ, ಲೋಳೆ ಬಿಟ್ಟ ಅಮಾವಾಸ್ಯೆಯ ಕಡುಬು. ಹಾಲಿನ ಪಾಕೀಟು ಹಿಡಿದು ನಿಂತೆ. ಬೈದಿದ್ದರೆ ಬದುಕುತ್ತಿದ್ದೆ.

"ದನಕ್ಕ ಹಾಕೂಣಂದ್ರ ಅವುಕೂ ತಿನ್ನಾಕ ಬರೂಹಂಗ ಇಲ್ಲ" ಎಂದಳು, ತಲೆ ಎತ್ತದೆ.

ಆಗ ಎಲ್ಲ ಹೇಳಿದೆ, ಸಕ್ಕರೆಯ ಸಂಗತಿಯನ್ನೂ. ಅವಳು ಡಬ್ಬಿ ಕೆಳಗಿಟ್ಟಳು.

"ಹಂಗಾರ ನಾ ಇಷ್ಟ ದಿನ ನಿನಗ ವಿಷಾ ಕಳಸೇನೇನೋ ಯಪ್ಪಾ?"

"ಇಲ್ಲ ವೈನಿ, ನಾ ತಿಂದೇ ಇಲ್ಲಲ್ಲ" ಎಂದೆ. ಸಮಾಧಾನ ಮಾಡಲು ಆಡಿದ ಮಾತು ಅದು. ಆಡಿ ಮುಗಿಸುವಷ್ಟರಲ್ಲಿ ಅವಳ ಮುಖ ನೋಡಲಾಗಲಿಲ್ಲ. ಒಲೆಯ ಮುಂದೆ ಬೆವರಿಳಿಸಿ ಮಾಡಿದವಳಿಗೆ ನಾನು ಕೊಟ್ಟ ಸಮಾಧಾನ ಇಂಥದ್ದು.

ಯುಗಾದಿಗೆ ಎರಡು ದಿನ ಇರುವಾಗ ಅವಳ ಫೋನು ಬಂತು. ಹಿಂದೆಂದೂ ಅವಳು ಬುತ್ತಿ ಕಳಿಸುವ ಮುಂಚೆ ಫೋನು ಮಾಡಿದವಳಲ್ಲ.

"ಹೋಳಿಗಿ ಎಷ್ಟ ಕಳಸ್ಲೆಪಾ? ನೀ ಹೇಳಿದಷ್ಟಽ ಮಾಡತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಪರರ ಮನೆಯವರನ್ನು ಕೇಳುವಂಥ ಜೋಪಾನವಿತ್ತು. ಲೆಕ್ಕ ಸುಲಭದ್ದು: ನನಗೆ ಅರ್ಧ, ಹೆಂಡತಿಗೆ ಒಂದು, ಮಗಳಿಗೆ ಅರ್ಧ. ಬೆರಳು ಮಡಚಿ ಎಣಿಸಿದೆ.

"ಎರಡು ಸಾಕ್ರಿ ವೈನಿ."

"ಎರಡಽ?"

"ಹ್ಞೂಂ."

ಯುಗಾದಿಯ ದಿನ ಡಬ್ಬಿ ಬಂತು. ಮುಚ್ಚಳ ಸರಿಯಾಗಿ ಕೂತಿತ್ತು, ಬಟ್ಟೆ ಕಟ್ಟಿರಲಿಲ್ಲ. ಒಳಗೆ ಎರಡು ಹೋಳಿಗೆ. "ನೋಡ್ರಿ, ಮೊದಲಽ ಹೇಳಿದ್ರ ಎಷ್ಟ ಛಂದ ಇತ್ತು" ಎಂದಳು ಹೆಂಡತಿ. ಅವಳ ಮಾತು ಸರಿಯಾಗಿಯೇ ಇತ್ತು. ಮೂವರೂ ಹಂಚಿಕೊಂಡು ತಿಂದೆವು, ಒಂದು ಚೂರೂ ಹಾಳಾಗಲಿಲ್ಲ. ವೈನಿ ಎಣಿಸಿ ಕಳಿಸಿದ ಮೊದಲ ಬುತ್ತಿ ಅದು.